ಒಣಹುಲ್ಲಿನ ಹಸುವಿಗೆ ಹಿಂಡಿ ಮೊದಲೋ, ಕಾಳು ಮೊದಲೋ

ಸಂಕ್ರಾಂತಿ ಕಳೆದು ಕಣಗಳು ಖಾಲಿಯಾದ ಮೇಲೆ ಮುಂಗಾರಿನ ಹಸಿರು ಚಿಗುರುವವರೆಗೆ ನಮ್ಮ ಬಯಲುಸೀಮೆಯ ದನಗಳು ಬದುಕುವುದು ಮೆದೆಯ ಹುಲ್ಲಿನ ಮೇಲೆ. ಹಳೇ ಮೈಸೂರಿನ ಕಡೆ ಅದು ರಾಗಿ ಹುಲ್ಲು, ನಾಲೆಯ ಬಯಲಿನಲ್ಲಿ ಭತ್ತದ ಹುಲ್ಲು, ಉತ್ತರ ಕರ್ನಾಟಕದಲ್ಲಿ ಜೋಳದ ಸೊಪ್ಪೆ. ದಾವಣಗೆರೆ, ಹಾವೇರಿಗಳ ಸುತ್ತ ಈಗ ಮೆಕ್ಕೆಜೋಳದ ಸೊಪ್ಪೆ. ಇಷ್ಟರಲ್ಲೇ ಹಸುವಿನ ಮೈ ನಿಲ್ಲುವುದಿಲ್ಲ ಎಂಬುದು ದನ ಕಟ್ಟಿದವರಿಗೆಲ್ಲ ಗೊತ್ತು. ಜೊತೆಗೆ ಏನು ಕೊಡಬೇಕು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಕೈಯಲ್ಲಿರುವ ದುಡ್ಡಿಗೆ ಒಂದೇ ಚೀಲ ಬರುವುದಾದರೆ ಮೆಕ್ಕೆಜೋಳದ ನುಚ್ಚು ತರಬೇಕೋ, ಕಡಲೆಕಾಯಿ ಹಿಂಡಿ ತರಬೇಕೋ? ಕಾಳಿನ ಪರವಾಗಿ ನಿಲ್ಲುವವರ ತರ್ಕ ಸರಳ: ಒಣಹುಲ್ಲಿನಲ್ಲಿ ಶಕ್ತಿಯಿಲ್ಲ, ಕಾಳಿನಲ್ಲಿ ಪಿಷ್ಟವಿದೆ, ಪಿಷ್ಟವೆಂದರೆ ಶಕ್ತಿ. ಕೇಳಲು ಸರಿ ಎನಿಸುವ ಈ ತರ್ಕದ ಮೊದಲ ಮಾತೇ ನಿಲ್ಲುವುದಿಲ್ಲ. ಹುಲ್ಲಿನಲ್ಲಿ ಶಕ್ತಿ ಇದೆ. ಅದನ್ನು ಬಿಡಿಸಿಕೊಳ್ಳಲು ಬೇಕಾದ ಸಾರಜನಕ ಹುಲ್ಲಿನಲ್ಲಿಲ್ಲ. ಅದು ಪ್ರೋಟೀನಿನ ರೂಪದಲ್ಲಿ ಸೇರುವ ಮೊದಲೇ ಪಿಷ್ಟ ಸುರಿದರೆ ಹುಲ್ಲಿನಿಂದ ಸಿಗುತ್ತಿದ್ದುದೂ ಕೈತಪ್ಪುತ್ತದೆ. ಆದ್ದರಿಂದ ಮೊದಲ ರೂಪಾಯಿ ಹಿಂಡಿಗೆ, ಕಾಳಿನ ಸರದಿ ಆಮೇಲೆ. ಈ ಕ್ರಮ ಎಲ್ಲಿಯವರೆಗೆ ನಿಜ, ಎಲ್ಲಿ ಮುರಿಯುತ್ತದೆ ಎಂಬುದನ್ನು ನೋಡಬೇಕು.

ಒಣಹುಲ್ಲಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ನಾರು. ಆ ನಾರಿನ ಮುಖ್ಯ ಭಾಗವಾದ ಸೆಲ್ಯುಲೋಸ್ ಕೂಡ ಪಿಷ್ಟದಂತೆಯೇ ಗ್ಲೂಕೋಸ್ ಕೊಂಡಿಗಳ ಸರಪಳಿ. ಕೊಂಡಿಗಳನ್ನು ಬೆಸೆದ ರೀತಿಯಷ್ಟೇ ಬೇರೆ. ಆ ಬೆಸುಗೆಯನ್ನು ಬಿಡಿಸುವ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗುವುದಿಲ್ಲ. ಆ ಕೆಲಸ ಮಾಡುವುದು ದೊಡ್ಡ ಹೊಟ್ಟೆಯಲ್ಲಿ, ಅಂದರೆ ಪಶುವೈದ್ಯರು ರೂಮೆನ್ ಎನ್ನುವ ಆ ನೂರು ಲೀಟರಿನಷ್ಟು ದೊಡ್ಡ ಚೀಲದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು. ಅಮೆರಿಕದ ರಾಬರ್ಟ್ ಹಂಗೇಟ್ 1966ರಲ್ಲಿ ಪ್ರಕಟಿಸಿದ ರೂಮೆನ್ ಕುರಿತ ಗ್ರಂಥ ಈ ಲೋಕವನ್ನು ಮೊದಲ ಬಾರಿಗೆ ಸಮಗ್ರವಾಗಿ ತೆರೆದಿಟ್ಟಿತು. ನಾರು ಕರಗಿಸುವ ಫೈಬ್ರೊಬ್ಯಾಕ್ಟರ್, ರೂಮಿನೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳು ಹುಲ್ಲಿನ ಎಳೆಗೆ ಅಂಟಿಕೊಂಡು ಅದನ್ನು ಒಡೆಯುತ್ತವೆ. ಆಗ ಹೊರಬರುವ ಅಸಿಟಿಕ್, ಪ್ರೊಪಿಯೋನಿಕ್ ಆಮ್ಲಗಳೇ ಹಸುವಿನ ಮುಖ್ಯ ಇಂಧನ. ಅಷ್ಟೇ ಅಲ್ಲ, ಈ ಬ್ಯಾಕ್ಟೀರಿಯಾಗಳು ಬೆಳೆದು ಮುಂದಿನ ಹೊಟ್ಟೆಗೆ ಹರಿದು ಅಲ್ಲಿ ಜೀರ್ಣವಾಗಿ ಹಸುವಿಗೆ ಪ್ರೋಟೀನೂ ಆಗುತ್ತವೆ. ಅವು ಬೆಳೆಯಬೇಕಾದರೆ ಅಮೋನಿಯ ಬೇಕು, ಅಮೋನಿಯಕ್ಕೆ ಸಾರಜನಕ ಬೇಕು. ಒಟ್ಟು ಮೇವಿನಲ್ಲಿ ಶೇ. 7ರಷ್ಟಾದರೂ ಪ್ರೋಟೀನ್ ಇಲ್ಲದಿದ್ದರೆ ಈ ಕಾರ್ಖಾನೆ ನಿಧಾನವಾಗುತ್ತದೆ. ಭತ್ತದ ಹುಲ್ಲಿನಲ್ಲಿರುವುದು ಶೇ. 3ರಿಂದ 4, ರಾಗಿ ಹುಲ್ಲು, ಜೋಳದ ಸೊಪ್ಪೆ ಅದಕ್ಕಿಂತ ತುಸು ಮೇಲು, ಬಹಳ ಮೇಲೇನಲ್ಲ. ಕಾರ್ಖಾನೆ ನಿಧಾನವಾದರೆ ಹುಲ್ಲು ಹೊಟ್ಟೆಯಲ್ಲೇ ಕೂರುತ್ತದೆ, ಹೊಟ್ಟೆ ತುಂಬಿದ ಹಸು ಗೋದಲಿಯಿಂದ ಮುಖ ತೆಗೆಯುತ್ತದೆ. ಹೊಟ್ಟೆ ಉಬ್ಬಿ ಕಾಣುತ್ತದೆ, ಪಕ್ಕೆಲುಬು ಎಣಿಸಬಹುದು, ಸಗಣಿ ಗಟ್ಟಿಯಾಗಿ ಪದರ ಪದರವಾಗಿ ಬೀಳುತ್ತದೆ. ಬೇಸಿಗೆಯ ಕೊನೆಗೆ ಗೋಶಾಲೆಗಳಲ್ಲಿ ಕಾಣುವ ದನಗಳ ಚಿತ್ರ ಇದೇ: ಮುಂದೆ ಹುಲ್ಲು ಬಿದ್ದಿರುತ್ತದೆ, ಹಸು ತಿನ್ನುತ್ತಿರುವುದಿಲ್ಲ. ಹುಲ್ಲು ರುಚಿಸದೆ ಬಿಟ್ಟಿದೆ ಎಂದು ನೋಡಿದವರು ಹೇಳುತ್ತಾರೆ. ಒಳಗೆ ಜಾಗವಿಲ್ಲದೆ ಬಿಟ್ಟಿರುತ್ತದೆ.

ಲೆಕ್ಕವನ್ನು ಒಂದೇ ಹಸುವಿನ ಮೇಲೆ ಮಾಡಿ ನೋಡೋಣ. 350 ಕಿಲೊ ತೂಗುವ, ಹಾಲು ಬತ್ತಿದ ನಾಟಿ ಹಸು ದಿನಕ್ಕೆ 6 ಕಿಲೊ ಭತ್ತದ ಹುಲ್ಲು ತಿನ್ನುತ್ತದೆ ಎನ್ನೋಣ. ಶೇ. 3.5ರ ಲೆಕ್ಕದಲ್ಲಿ ಅದರಿಂದ ಸಿಗುವ ಪ್ರೋಟೀನ್ 210 ಗ್ರಾಂ. ಶೇ. 7ರ ಮಟ್ಟಕ್ಕೆ ಬೇಕಾದದ್ದು 420 ಗ್ರಾಂ. ಕೊರತೆ 210 ಗ್ರಾಂ. ಈ ಕೊರತೆ ತುಂಬಲು ತರುವ ತಿಂಡಿ ತನ್ನ ಜೀರ್ಣಕ್ಕೂ ಅದೇ ಶೇ. 7ನ್ನು ಬೇಡುತ್ತದೆ, ಆದ್ದರಿಂದ ಉಳಿಯುವ ಮಿಗತೆಯನ್ನಷ್ಟೇ ಹುಲ್ಲಿನ ಖಾತೆಗೆ ಹಾಕಬೇಕು. ಶೇ. 42 ಪ್ರೋಟೀನಿರುವ ಕಡಲೆಕಾಯಿ ಹಿಂಡಿಯ ಒಂದು ಕಿಲೊದಲ್ಲಿ ಮಿಗುವುದು 350 ಗ್ರಾಂ. ಅಂದರೆ 600 ಗ್ರಾಂ ಹಿಂಡಿ ಸಾಕು. ಸಿಪ್ಪೆ ತೆಗೆಯದ ಹತ್ತಿಕಾಳಿನ ಹಿಂಡಿಯಾದರೆ ಸುಮಾರು 1.4 ಕಿಲೊ. ಗೋಧಿ ಬೂಸಾ ಆದರೆ ಎರಡೂವರೆ ಕಿಲೊಗೂ ಮೇಲೆ. ಮೆಕ್ಕೆಜೋಳದಲ್ಲಿರುವುದು ಶೇ. 9, ತನ್ನ ಪಾಲು ಕಳೆದು ಒಂದು ಕಿಲೊದಲ್ಲಿ ಉಳಿಯುವುದು 20 ಗ್ರಾಂ. 210 ಗ್ರಾಂ ತುಂಬಲು ಹತ್ತೂವರೆ ಕಿಲೊ ಮೆಕ್ಕೆಜೋಳ ಬೇಕು, ಅಷ್ಟು ತಿಂದ ಹಸು ಮರುದಿನಕ್ಕೆ ಉಳಿಯುವುದು ಕಷ್ಟ. ಕಾಳು ಹಿಂಡಿಗಿಂತ ಕಳಪೆ ಎಂದಷ್ಟೇ ಈ ಲೆಕ್ಕ ಹೇಳುತ್ತಿಲ್ಲ. ಹುಲ್ಲಿನ ಕೊರತೆಯನ್ನು ಕಾಳು ತುಂಬಲಾರದು ಎನ್ನುತ್ತಿದೆ. ಹಿಂಡಿ ಕೊಟ್ಟ ಮೇಲೆ ಹಸು ಹೆಚ್ಚು ಹುಲ್ಲು ತಿನ್ನತೊಡಗುತ್ತದೆ, ಆಗ ಬೇಕಾದ ಹಿಂಡಿಯೂ ನೂರು ಗ್ರಾಂ ಏರಬಹುದು. ಆ ನೂರು ಗ್ರಾಂ ಒಂದು ಕಿಲೊ ಹುಲ್ಲಿನ ಶಕ್ತಿಯನ್ನು ಬಿಡಿಸಿಕೊಡುವುದಾದರೆ ಯಾವ ಲೆಕ್ಕದಲ್ಲೂ ನಷ್ಟವಲ್ಲ.

ಇದು ಕಾಗದದ ಮೇಲಿನ ಲೆಕ್ಕ. ಜಾನುವಾರುಗಳ ಮೇಲೆ ಇದನ್ನು ಅತಿ ಹೆಚ್ಚು ಪರೀಕ್ಷಿಸಿದ್ದು ಅಮೆರಿಕದ ಹುಲ್ಲುಗಾವಲು ರಾಜ್ಯಗಳಲ್ಲಿ. ಕಾನ್ಸಾಸಿನ ಫ್ಲಿಂಟ್ ಹಿಲ್ಸ್ ಪ್ರದೇಶದ ಎತ್ತರದ ಹುಲ್ಲು ಚಳಿಗಾಲದಲ್ಲಿ ಒಣಗಿ ನಿಂತಾಗ ಅದರ ಪ್ರೋಟೀನ್ ನಮ್ಮ ಜೋಳದ ಸೊಪ್ಪೆಯ ಮಟ್ಟಕ್ಕೆ ಇಳಿದಿರುತ್ತದೆ. ಮಾಂಸಕ್ಕಾಗಿ ಸಾಕಿದ ಲಕ್ಷಾಂತರ ದನಗಳು ಅದನ್ನೇ ತಿಂದು ಚಳಿಗಾಲ ಕಳೆಯಬೇಕು. ಓಕ್ಲಹೋಮದಲ್ಲಿ ಚೇಸ್ ಮತ್ತು ಹಿಬ್ಬರ್ಡ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಹುಲ್ಲು ತಿನ್ನುವ ಹಸುಗಳಿಗೆ ದಿನಕ್ಕೆ 3 ಕಿಲೊವರೆಗೆ ಮೆಕ್ಕೆಜೋಳ ಏರಿಸುತ್ತ ಹೋದರು. ಕಾಳು ಏರಿದಂತೆ ಹುಲ್ಲು ತಿನ್ನುವುದೂ ಇಳಿಯಿತು, ನಾರು ಜೀರ್ಣವಾಗುವುದೂ ಇಳಿಯಿತು. ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕೊಕ್ರನ್ ಅವರ ತಂಡ ಪ್ರೋಟೀನ್ ಮತ್ತು ಪಿಷ್ಟಗಳನ್ನು ಬೇರೆ ಬೇರೆಯಾಗಿ ಅಳೆದು ನೇರವಾಗಿ ಹೋರಿಗಳ ರೂಮೆನ್‌ಗೇ ಹಾಕಿ ನೋಡಿತು. ಹಿಂಡಿ, ಕಾಳು ತಿನ್ನಿಸಿದರೆ ಎರಡೂ ಬೆರೆತೇ ಇರುತ್ತವೆ, ಯಾವುದರ ಗುಣ ಯಾವುದು ಎಂದು ತಿಳಿಯದು. ಹೀಗೆ ಬಿಡಿಸಿ ಹಾಕಿದ್ದರಲ್ಲೇ ಆ ಪ್ರಯೋಗದ ಬೆಲೆ ಇದೆ. 1999ರಲ್ಲಿ ಓಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶದಲ್ಲಿ ಪ್ರೋಟೀನ್ ಏರಿದಂತೆ ಹುಲ್ಲು ತಿನ್ನುವುದು ಏರಿತು, ಪಿಷ್ಟ ಏರಿದಂತೆ ಇಳಿಯಿತು. ಅವರು ಹಾಕಿದ ಪಿಷ್ಟದ ಮೇಲಿನ ಮಟ್ಟ ದೇಹತೂಕದ ಶೇ. 0.3. ನಮ್ಮ 350 ಕಿಲೊ ಹಸುವಿಗೆ ಹೊಂದಿಸಿದರೆ ಅದು ಸುಮಾರು ಒಂದೂವರೆ ಕಿಲೊ ಮೆಕ್ಕೆಜೋಳ. ನಮ್ಮ ಕೊಟ್ಟಿಗೆಗಳಲ್ಲಿ ಯಾರೂ ಹೆಚ್ಚೆನ್ನದ ಪ್ರಮಾಣ. ಅದೇ ವರ್ಷ ಫ್ಲಾರಿಡಾದ ಮೂರ್ ಮತ್ತು ಇತರರು ಹಲವಾರು ಪ್ರಯೋಗಗಳ ಅಂಕಿಗಳನ್ನು ಒಟ್ಟುಮಾಡಿ ಒಂದು ಸೂತ್ರಕ್ಕೆ ಬಂದರು: ಮೇವಿನಲ್ಲಿ ಜೀರ್ಣವಾಗುವ ಒಟ್ಟು ಪೋಷಕಾಂಶವನ್ನು ಪ್ರೋಟೀನಿನಿಂದ ಭಾಗಿಸಿದಾಗ 7ಕ್ಕಿಂತ ಹೆಚ್ಚು ಬಂದರೆ ಅದು ಪ್ರೋಟೀನಿಗೆ ಹಸಿದ ಮೇವು, ಪೂರಕ ಆಹಾರ ಕೊಟ್ಟರೆ ದನ ಹುಲ್ಲು ಹೆಚ್ಚು ತಿನ್ನುವ ಸಂಭವವಿದೆ, ಕಡಿಮೆ ಬಂದರೆ ಪೂರಕ ಆಹಾರ ಹುಲ್ಲಿನ ಜಾಗವನ್ನು ಕಸಿಯುತ್ತದೆ. ಭತ್ತದ ಹುಲ್ಲಿಗೆ ಈ ಭಾಗಲಬ್ಧ 11, 12ರ ಸುತ್ತ. ಸ್ವಾರಸ್ಯವೆಂದರೆ ಮೆಕ್ಕೆಜೋಳಕ್ಕೂ ಅದು 7ನ್ನು ದಾಟುತ್ತದೆ. ಹಸಿದ ಮೇವಿಗೆ ಹಸಿದ ತಿಂಡಿಯನ್ನೇ ಜೊತೆ ಮಾಡಿದಂತೆ.

ಪಿಷ್ಟ ಯಾಕೆ ಹೀಗೆ ಮಾಡುತ್ತದೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ಮೊದಲು ಎಲ್ಲರೂ ಆಮ್ಲವನ್ನು ದೂರಿದರು. ಪಿಷ್ಟ ಬೇಗ ಹುದುಗುತ್ತದೆ, ಆಮ್ಲ ಏರುತ್ತದೆ, ರೂಮೆನ್ ದ್ರವದ ಪಿಎಚ್ 6ರ ಹತ್ತಿರಕ್ಕೆ ಇಳಿದರೆ ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಕೈಕಟ್ಟಿ ಕೂರುತ್ತವೆ. ಹಬ್ಬ, ಮದುವೆಯ ಮರುದಿನ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ತಿಂದು ಮಲಗಿದ ಹಸುವಿಗೆ ಪಶುವೈದ್ಯರು ಅಡುಗೆ ಸೋಡ ಕುಡಿಸುವುದು ಈ ಆಮ್ಲವನ್ನು ಮುರಿಯಲೆಂದೇ. ಆದರೆ ಸ್ಕಾಟ್ಲೆಂಡಿನ ರೋವೆಟ್ ಸಂಸ್ಥೆಯಲ್ಲಿ ಮೌಲ್ಡ್ ಮತ್ತು ಅರ್ಸ್ಕೋವ್ 1983ರ ಸುಮಾರಿಗೆ ಕುರಿಗಳಲ್ಲಿ ಸೋಡ ಬಳಸಿ ಪಿಎಚ್ ಇಳಿಯದಂತೆ ನೋಡಿಕೊಂಡರೂ ನಾರಿನ ಜೀರ್ಣ ಪೂರ್ತಿ ಹಿಂದಿನ ಮಟ್ಟಕ್ಕೆ ಬರಲಿಲ್ಲ. ಆಮ್ಲದ ಹೊರತಾಗಿ ಪಿಷ್ಟದ್ದೇ ಒಂದು ಪೆಟ್ಟು ಇದೆ ಎಂದಾಯಿತು. ಅದರ ಬಹುಪಾಲು ಪೈಪೋಟಿಯದು ಎಂದು ನನಗನಿಸುತ್ತದೆ. ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳು ನಾರು ತಿನ್ನುವವಕ್ಕಿಂತ ಎಷ್ಟೋ ಬೇಗ ಬೆಳೆಯುತ್ತವೆ. ರೂಮೆನ್‌ನಲ್ಲಿರುವ ಅಲ್ಪಸ್ವಲ್ಪ ಅಮೋನಿಯವನ್ನು ಅವೇ ಮೊದಲು ಮುಗಿಸುತ್ತವೆ. ನಿಧಾನವಾಗಿ ಹುಲ್ಲಿಗೆ ಅಂಟಿ ಕೆಲಸ ಮಾಡುವವಕ್ಕೆ ಏನೂ ಉಳಿಯದು. ಹಸುವಿನ ಮಟ್ಟದಲ್ಲಿ ಇದರರ್ಥ: ನುಚ್ಚಿನ ಶಕ್ತಿ ಸಿಕ್ಕಿತು, ಹುಲ್ಲಿನ ಶಕ್ತಿ ಹೋಯಿತು, ಒಟ್ಟು ಮೊತ್ತ ಇದ್ದಲ್ಲೇ ಇತ್ತು ಅಥವಾ ಇಳಿಯಿತು. ಕಾನ್ಸಾಸಿನ ಪ್ರಯೋಗಗಳೇ ಇನ್ನೊಂದು ಮಾತನ್ನೂ ಹೇಳಿದವು. ಪ್ರೋಟೀನ್ ಸಾಕಷ್ಟಿದ್ದ ಕಡೆ ಪಿಷ್ಟದ ಹಾನಿ ತಗ್ಗಿತು. ಪೂರ್ತಿ ಹೋಗಲಿಲ್ಲ, ತಗ್ಗಿತು. ಹಿಂಡಿ ಬಿದ್ದ ಗೋದಲಿಯಲ್ಲಿ ಒಂದು ಸೇರು ನುಚ್ಚು ಅಪಾಯವಲ್ಲ. ಹಿಂಡಿಯಿಲ್ಲದ ಗೋದಲಿಯಲ್ಲಿ ಅದೇ ಸೇರು ನಷ್ಟ.

ಮೊದಲ ಆಕ್ಷೇಪ ಸಹಜವಾಗಿಯೇ ಬರುತ್ತದೆ: ಕಾನ್ಸಾಸಿನ ಮಾಂಸದ ಹೋರಿಗೂ ಚನ್ನಪಟ್ಟಣದ ಕೊಟ್ಟಿಗೆಯ ಹಸುವಿಗೂ ಏನು ಸಂಬಂಧ? ಅಲ್ಲಿಯದು ಡುಬ್ಬವಿಲ್ಲದ ಯುರೋಪಿನ ತಳಿ, ನಮ್ಮದು ಡುಬ್ಬವಿರುವ ತಳಿ ಅಥವಾ ಅದರ ಮಿಶ್ರಣ. ಡುಬ್ಬವಿರುವ ದನಗಳು ರಕ್ತದ ಯೂರಿಯಾವನ್ನು ಜೊಲ್ಲಿನ ಮೂಲಕ, ರೂಮೆನ್ ಗೋಡೆಯ ಮೂಲಕ ಮತ್ತೆ ಹೊಟ್ಟೆಗೆ ತಂದುಕೊಳ್ಳುವುದರಲ್ಲಿ ಜಾಣವಾಗಿದ್ದು, ಕಡಿಮೆ ಪ್ರೋಟೀನಿನಲ್ಲಿ ಹೆಚ್ಚು ಹೊತ್ತು ತಾಳುತ್ತವೆ ಎಂಬುದಕ್ಕೆ ಆಧಾರಗಳಿವೆ. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಮುಟ್ಟುವುದು ಪ್ರಮಾಣವನ್ನು, ಕ್ರಮವನ್ನು ಮುಟ್ಟುವುದಿಲ್ಲ. ತಾಳಿಕೆ ಹೆಚ್ಚಿರುವ ಹಸುವಿಗೆ 600 ಗ್ರಾಂ ಬದಲು 400 ಗ್ರಾಂ ಹಿಂಡಿ ಸಾಕಾದೀತು, ಹಿಂಡಿಯ ಜಾಗದಲ್ಲಿ ನುಚ್ಚು ಮಾತ್ರ ಸಾಕಾಗದು. ಉತ್ತರ ಆಸ್ಟ್ರೇಲಿಯದ ಬ್ರಾಹ್ಮನ್ ದನಗಳು ಡುಬ್ಬವಿರುವವೇ, ಅವುಗಳ ಮೂಲ ಭಾರತದ್ದು. ಅಲ್ಲಿನ ಒಣ ಋತುವಿನಲ್ಲೂ ಸಾಕಣೆದಾರರು ಮೊದಲು ಹಿಡಿಯುವುದು ಯೂರಿಯಾ ಬೆರೆಸಿದ ಕಾಕಂಬಿಯನ್ನು, ಹತ್ತಿಕಾಳಿನ ಹಿಂಡಿಯನ್ನು. ಆಸ್ಟ್ರೇಲಿಯದವರೇ ಆದ ವಿಜ್ಞಾನಿ ಆರ್. ಎ. ಲೆಂಗ್ ನಮ್ಮ ಬಣವೆಗಳನ್ನು ಚೆನ್ನಾಗಿ ಬಲ್ಲವರು. ಆನಂದ್‌ನ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಜೊತೆ 1980ರ ದಶಕದಲ್ಲಿ ಕೆಲಸ ಮಾಡಿದರು. ಉಷ್ಣವಲಯದ ಕಳಪೆ ಮೇವಿನ ಬಗ್ಗೆ 1990ರಲ್ಲಿ ಅವರು ಬರೆದ ಸಮೀಕ್ಷೆಯ ತಿರುಳೂ ಇದೇ. ಬ್ಯಾಕ್ಟೀರಿಯಾ ಬೆಳೆಯಲು ರೂಮೆನ್ ದ್ರವದ 100 ಮಿಲಿಲೀಟರಿಗೆ 5 ಮಿಲಿಗ್ರಾಂ ಅಮೋನಿಯ ಸಾರಜನಕ ಸಾಕು ಎಂದು 1974ರಲ್ಲಿ ಸ್ಯಾಟರ್ ಮತ್ತು ಸ್ಲೈಟರ್ ಹೇಳಿದ್ದರು; ಹುಲ್ಲನ್ನು ಹೊಟ್ಟೆ ತುಂಬ ತಿನ್ನಬೇಕಾದರೆ 20 ಮಿಲಿಗ್ರಾಂ ಸುತ್ತ ಬೇಕು ಎಂಬುದು ಲೆಂಗ್ ಮತ್ತು ಜೊತೆಗಾರರ ವಾದ. ಬಿಸಿಲು ನಾಡಿನಲ್ಲಿ ಗುರಿ ಇಳಿಯಲಿಲ್ಲ, ಏರಿತು.

ಎರಡನೆಯ ಆಕ್ಷೇಪ ಹಾಲಿನ ಪಾತ್ರೆಯಿಂದ ಬರುತ್ತದೆ, ಅದರ ತೂಕ ಹೆಚ್ಚು. ಮೆಕ್ಕೆಜೋಳದ ನುಚ್ಚು ಕೊಟ್ಟಾಗ ಹಾಲು ಏರಿದ್ದನ್ನು ಕಣ್ಣಾರೆ ಕಂಡವರಿಗೆ ಕಾನ್ಸಾಸಿನ ಕಥೆ ರುಚಿಸದು. ಅವರು ಕಂಡದ್ದು ಸುಳ್ಳಲ್ಲ. ದಿನಕ್ಕೆ 15 ಲೀಟರು ಕೊಡುವ ಮಿಶ್ರತಳಿ ಹಸು ಒಣಹುಲ್ಲಿನ ಮೇಲೆ ಬದುಕುತ್ತಿಲ್ಲ; ನೇಪಿಯರ್ ಹುಲ್ಲು, ಮೆಕ್ಕೆಜೋಳದ ರಸಮೇವು, ಐದಾರು ಕಿಲೊ ಚೀಲದ ತಿಂಡಿ ಅದರ ಊಟ. ಒಣಹುಲ್ಲು ಅದಕ್ಕೆ ಬಾಯಾಡಿಸುವಷ್ಟು. ಅಂಥ ಹಸುವಿನ ಮೇವಿನಲ್ಲಿ ಪ್ರೋಟೀನ್ ಶೇ. 12 ದಾಟಿರುತ್ತದೆ, ಮೂರ್ ಸೂತ್ರದ ಪ್ರಕಾರ ಅದು ಹಸಿದ ಮೇವಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತಯಾರಿಸಲು ಕೆಚ್ಚಲಿಗೆ ಗ್ಲೂಕೋಸ್ ಬೇಕು. ಹುಲ್ಲಿನಿಂದ ಹೆಚ್ಚಾಗಿ ಬರುವ ಅಸಿಟಿಕ್ ಆಮ್ಲದಿಂದ ಹಸು ಗ್ಲೂಕೋಸ್ ಮಾಡಿಕೊಳ್ಳಲಾರದು, ಪಿಷ್ಟದಿಂದ ಹೆಚ್ಚಾಗುವ ಪ್ರೊಪಿಯೋನಿಕ್ ಆಮ್ಲದಿಂದ ಮಾಡಿಕೊಳ್ಳುತ್ತದೆ. ಅಲ್ಲಿ ಪಿಷ್ಟ ಕೊಡದಿರುವುದೇ ತಪ್ಪು. ಹೀಗೆ ಒಂದೇ ನುಚ್ಚು ಒಂದು ಕೊಟ್ಟಿಗೆಯಲ್ಲಿ ಔಷಧ, ಪಕ್ಕದ ಕೊಟ್ಟಿಗೆಯಲ್ಲಿ ದಂಡ. ತೊಂದರೆಯೆಲ್ಲ ಒಂದರ ಪಾಠವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವುದರಿಂದ: ಪಕ್ಕದ ಮನೆಯ ಕಪ್ಪು-ಬಿಳಿ ಹಸು ಹಾಲು ಏರಿಸಿದ್ದನ್ನು ನೋಡಿ ಹಾಲು ಬತ್ತಿದ ನಾಟಿ ಹಸುವಿಗೂ, ಉಳುವ ಎತ್ತಿಗೂ ಅದೇ ಮೆಕ್ಕೆಜೋಳ. ಮೂರು, ನಾಲ್ಕು ಲೀಟರಿನ ಹಸು ನಡುವಿನದು. ಅದಕ್ಕೆ ಹಿಂಡಿಯಿಂದ ಕೊರತೆ ತುಂಬಿದ ಮೇಲೆ ಒಂದು ಕಿಲೊದಷ್ಟು ಕಾಳು ನ್ಯಾಯವಾದದ್ದೇ. ಅದಕ್ಕೂ ಮೇಲೆ ಹೋದಾಗ ಹಾಲಿನ ಫ್ಯಾಟ್ ಇಳಿಯತೊಡಗಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಫ್ಯಾಟಿಗೆ ಬೇಕಾದ ಅಸಿಟಿಕ್ ಆಮ್ಲ ನಾರಿನಿಂದ ಬರುವಂಥದು. ನಾರಿನ ಕೆಲಸ ನಿಂತ ಸುದ್ದಿ ಡೇರಿಯ ಯಂತ್ರದ ಚೀಟಿಯಲ್ಲಿ ಮೊದಲು ಬರುತ್ತದೆ.

ಪ್ರೋಟೀನ್ ಪರವಾದ ವಾದವನ್ನು ಒಪ್ಪಿದವರು ಎತ್ತುವ ಪ್ರಶ್ನೆ ಬೇರೆ: ಬೇಕಾದ್ದು ಸಾರಜನಕವೇ ಆದರೆ ದುಬಾರಿ ಹಿಂಡಿ ಯಾಕೆ, ಗೊಬ್ಬರದ ಅಂಗಡಿಯ ಯೂರಿಯಾ ಸಾಲದೆ? ನಮ್ಮ 210 ಗ್ರಾಂ ಕೊರತೆಗೆ ಕಾಗದದ ಮೇಲೆ 75 ಗ್ರಾಂ ಯೂರಿಯಾ ಸಾಕು, ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಎರಡು ತೊಡಕುಗಳಿವೆ. ಯೂರಿಯಾ ರೂಮೆನ್‌ಗೆ ಬಿದ್ದ ಒಂದೆರಡು ಗಂಟೆಯಲ್ಲೇ ಅಮೋನಿಯವಾಗಿ ಮುಗಿದುಹೋಗುತ್ತದೆ, ಹುಲ್ಲು ಕರಗುವುದು ದಿನವಿಡೀ. ಒಮ್ಮೆಗೇ ಹೆಚ್ಚು ಬಿದ್ದರೆ ಅಮೋನಿಯ ರಕ್ತಕ್ಕೇರಿ ಹಸು ಅರ್ಧ ಗಂಟೆಯಲ್ಲಿ ನಡುಗಿ ಬೀಳಬಹುದು. ಜೊತೆಗೆ ನಾರು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಅಮೋನಿಯದ ಜೊತೆ ಕವಲೊಡೆದ ಕೊಬ್ಬಿನಾಮ್ಲಗಳು ಸ್ವಲ್ಪ ಬೇಕು. ಅವು ನಿಜವಾದ ಪ್ರೋಟೀನ್ ಕೊಳೆತಾಗ ಸಿಗುತ್ತವೆ, ಯೂರಿಯಾದಿಂದ ಸಿಗುವುದಿಲ್ಲ. ಆದ್ದರಿಂದ ಯೂರಿಯಾವನ್ನು ಪೂರ್ತಿ ಹಿಂಡಿಯ ಬದಲಿಗೆ ಇಡುವುದು ತಪ್ಪು, ಒಂದು ಪಾಲಿಗೆ ಬಳಸುವುದು ಸರಿ. ನಿಧಾನವಾಗಿ ನೆಕ್ಕುವಂತೆ ಕಾಕಂಬಿ, ಯೂರಿಯಾ, ಖನಿಜ ಸೇರಿಸಿ ಗಟ್ಟಿ ಇಟ್ಟಿಗೆ ಮಾಡಿದ್ದು ಡೇರಿ ಮಂಡಳಿಯ ಒಳ್ಳೆಯ ಉಪಾಯ. ಕಾಕಂಬಿ ಮಾತ್ರ ಇಂದು ಹೆಚ್ಚಾಗಿ ಡಿಸ್ಟಿಲರಿಯ ದಾರಿ ಹಿಡಿದಿದೆ. ಇನ್ನೊಂದು ದಾರಿ ಹುಲ್ಲನ್ನೇ ಯೂರಿಯಾದಲ್ಲಿ ಹದ ಮಾಡುವುದು: 100 ಕಿಲೊ ಹುಲ್ಲಿಗೆ 4 ಕಿಲೊ ಯೂರಿಯಾ, 40ರಿಂದ 60 ಲೀಟರ್ ನೀರು, ಗಾಳಿಯಾಡದಂತೆ ಮುಚ್ಚಿ ಮೂರು ವಾರ. ಹುಲ್ಲು ಮೆತ್ತಗಾಗುತ್ತದೆ, ಪ್ರೋಟೀನಿನ ಅಂಶ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ದನಗಳೂ ಹೆಚ್ಚು ತಿನ್ನುತ್ತವೆ. ವೈಜ್ಞಾನಿಕವಾಗಿ ಇದರಲ್ಲಿ ದೋಷವಿಲ್ಲ, ಆದರೂ ದಶಕಗಳ ಪ್ರಚಾರದ ಬಳಿಕ ಹಳ್ಳಿಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ರೈತರ ಅಜ್ಞಾನ ಎಂದು ಷರಾ ಬರೆದು ಮುಗಿಸುವವರು ನೀರಿನ ಲೆಕ್ಕ ಹಾಕಿಲ್ಲ. ಹದ ಮಾಡಬೇಕಾದ ಕಾಲ ಬೇಸಿಗೆ. ಒಂದು ಟನ್ ಹುಲ್ಲಿಗೆ 500 ಲೀಟರ್ ನೀರನ್ನು ಕೊಡದಲ್ಲಿ ಹೊರುವವರು ಮನೆಯ ಹೆಂಗಸರು. ಅಷ್ಟು ದುಡಿದು ಎರಡು ಲೀಟರಿನ ಹಸುವಿನಲ್ಲಿ ಏರುವ ಹಾಲು ಲೋಟದ ಲೆಕ್ಕದ್ದು. ಹಿಂಡಿ ತಂದು ನೆನೆಸಿಟ್ಟರೆ ಆ ಶ್ರಮವಿಲ್ಲ.

ಯೂರಿಯಾದ ಮಾತು ಬಂದಲ್ಲೇ ಪಿಷ್ಟಕ್ಕೆ ಒಂದು ಗೌರವದ ಜಾಗ ಸಿಗುತ್ತದೆ. ಬೇಗ ಬಿಡುಗಡೆಯಾಗುವ ಅಮೋನಿಯವನ್ನು ಹಿಡಿದಿಡಲು ಬೇಗ ಹುದುಗುವ ಶಕ್ತಿ ಬೇಕು. ಯೂರಿಯಾ ಇರುವ ತಿಂಡಿಯಲ್ಲಿ ಸ್ವಲ್ಪ ನುಚ್ಚು, ತೌಡು ಇರಬೇಕಾದದ್ದು ಅದಕ್ಕೆ. ಹಳೇ ಮೈಸೂರಿನಲ್ಲಿ ದುಡಿಯುವ ಎತ್ತಿಗೆ ಹುರುಳಿ ಬೇಯಿಸಿ ಇಡುವ ರೂಢಿಯನ್ನೂ ಈ ಬೆಳಕಿನಲ್ಲಿ ನೋಡಬಹುದು. ಹುರುಳಿಯಲ್ಲಿ ಶೇ. 22ರಷ್ಟು ಪ್ರೋಟೀನ್, ಜೊತೆಗೆ ಸಾಕಷ್ಟು ಪಿಷ್ಟ. ಎರಡೂ ಒಂದೇ ಕಾಳಿನಲ್ಲಿ ಸರಿಯಾದ ಅಳತೆಗೆ ಹತ್ತಿರವಾಗಿ ಕೂತಿವೆ. ಉತ್ತರ ಕರ್ನಾಟಕದಲ್ಲಿ ನೆನೆಸಿ ರುಬ್ಬಿ ಕೊಡುವ ಹತ್ತಿಕಾಳಿನಲ್ಲಿ ಪ್ರೋಟೀನಿನ ಜೊತೆ ಎಣ್ಣೆ ಇದೆ, ಪಿಷ್ಟವಿಲ್ಲ. ಹಾಗೆಂದು ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎನ್ನಲು ನಾನು ಹೊರಟಿಲ್ಲ. ಅನ್ನದ ಗಂಜಿ, ಅಕ್ಕಿ ತೊಳೆದ ನೀರು, ಉಳಿದ ಮುದ್ದೆ ಸೇರಿದ ಕಲಗಚ್ಚೂ ಹಿಂದಿನವರದೇ. ಅದು ಬಹುಪಾಲು ಪಿಷ್ಟ. ಅಡುಗೆಮನೆಯಲ್ಲಿ ಏನೂ ದಂಡವಾಗಬಾರದೆಂಬ ಜಾಣ್ಮೆ ಅದರಲ್ಲಿತ್ತು, ಹಸುವಿನ ಹೊಟ್ಟೆಯ ಲೆಕ್ಕ ಇರಲಿಲ್ಲ. ಪ್ರಮಾಣ ಸಣ್ಣದಾದ್ದರಿಂದ ಹಾನಿಯೂ ಸಣ್ಣದಾಗಿಯೇ ಉಳಿಯಿತು.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಬೆಲೆಯ ಮುಂದೆ. ಹಿಂಡಿ ದುಬಾರಿ, ಮೆಕ್ಕೆಜೋಳ ಮನೆಯದೇ. ಬೆಲೆಯನ್ನು ಚೀಲಕ್ಕೆ ಎಷ್ಟು ಎಂದು ಕೇಳುವುದರಲ್ಲೇ ಎಡವುವುದು. ಒಣಹುಲ್ಲಿನ ಹಸುವಿಗೆ ಕೊಳ್ಳುತ್ತಿರುವುದು ಪ್ರೋಟೀನಾದ್ದರಿಂದ ಅದರ ಒಂದು ಕಿಲೊಗೆ ಎಷ್ಟು ಬಿತ್ತು ಎಂದು ಕೇಳಬೇಕು. ಕಿಲೊ ಬೆಲೆಯನ್ನು ಪ್ರೋಟೀನಿನ ಶೇಕಡಾವಾರಿನಿಂದ ಭಾಗಿಸಿದರೆ ಸಾಕು. ಹೀಗೆ ನೋಡಿದರೆ ಅಂಗಡಿಯಲ್ಲಿ ಅಗ್ಗವೆನಿಸುವ ಬೂಸಾ ಎಷ್ಟೋ ಸಲ ಹಿಂಡಿಗಿಂತ ತುಟ್ಟಿ ಬೀಳುತ್ತದೆ. ಮನೆಯ ಮೆಕ್ಕೆಜೋಳ ಪುಕ್ಕಟೆ ಎಂಬುದೂ ಭ್ರಮೆ; ಮಂಡಿಯಲ್ಲಿ ಕೋಳಿ ಆಹಾರದವರು, ಎಥೆನಾಲಿನವರು ಕೊಡುವ ಬೆಲೆ ಅದಕ್ಕಿದೆ, ಅದನ್ನು ಮಾರಿ ಹಿಂಡಿ ತಂದರೆ ಹಸುವಿಗೂ ಮನೆಗೂ ಲಾಭವಾಗುವ ವರ್ಷಗಳು ಹೆಚ್ಚು. ಸ್ವಾರಸ್ಯದ ಸಂಗತಿಯೆಂದರೆ ಎಥೆನಾಲ್ ಕಾರ್ಖಾನೆ ಮೆಕ್ಕೆಜೋಳದ ಪಿಷ್ಟವನ್ನು ತಾನಿಟ್ಟುಕೊಂಡು ಉಳಿದದ್ದನ್ನು ಡಿಡಿಜಿಎಸ್ ಎಂದು ಮಾರುತ್ತದೆ. ಅದರಲ್ಲಿ ಪ್ರೋಟೀನ್ ಮೂಲ ಕಾಳಿನ ಮೂರರಷ್ಟು. ಬೆಂಗಳೂರಿನ ಸುತ್ತಲಿನ ಹೈನುಗಾರರು ತರುವ ಬಿಯರ್ ಕಾರ್ಖಾನೆಯ ಹೊಟ್ಟೂ ಅದೇ ಜಾತಿಯದು. ಒಣಹುಲ್ಲಿನ ದೃಷ್ಟಿಯಿಂದ ಕಾಳಿಗಿಂತ ಈ ಚರಟವೇ ಮೇಲು, ಬೂಷ್ಟು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡರೆ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಬಗ್ಗೆ ಕಡಲೆಕಾಯಿ ಹಿಂಡಿಗೂ ಅದೇ ಎಚ್ಚರಿಕೆ ಬೇಕು. ದುಡ್ಡೇ ಇಲ್ಲದವರಿಗೆ ಹುರುಳಿ, ಅವರೆ, ತೊಗರಿಯ ಹೊಟ್ಟು, ಕಡಲೆಕಾಯಿ ಬಳ್ಳಿ, ಬದುವಿನ ಅಗಸೆ ಮತ್ತು ಗ್ಲಿರಿಸಿಡಿಯಾ ಸೊಪ್ಪು ಇವೆ. ತೊಟ್ಟಿಯಲ್ಲಿ ಬೆಳೆಸುವ ಜಲಸಸ್ಯ ಅಜೋಲಾ ಬಗ್ಗೆ ಹಲವರಿಗೆ ಇರುವಷ್ಟು ಉತ್ಸಾಹ ನನಗಿಲ್ಲ. ಒಣಗಿಸಿದರೆ ಅದರಲ್ಲಿ ಶೇ. 20ಕ್ಕೂ ಹೆಚ್ಚು ಪ್ರೋಟೀನ್ ಇರುವುದು ನಿಜ, ಆದರೆ ತೊಟ್ಟಿಯಿಂದ ತೆಗೆದ ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರು. ದಿನಕ್ಕೆ 2 ಕಿಲೊ ಕೊಟ್ಟರೂ ಹಸುವಿಗೆ ಸಿಗುವ ಪ್ರೋಟೀನ್ 30 ಗ್ರಾಂ ಆಸುಪಾಸು. ಒಂದು ಹಿಡಿ ಹಿಂಡಿಯಲ್ಲಿ ಅಷ್ಟು ಬರುತ್ತದೆ.

ಹಿಂಡಿಯ ಪರವಾಗಿ ಇನ್ನೊಂದು ಲೆಕ್ಕವಿದೆ, ನಮ್ಮಲ್ಲಿ ಅದು ಇನ್ನೂ ಬಳಕೆಗೆ ಬಂದಿಲ್ಲ. ಅಮೆರಿಕದ ಪಶ್ಚಿಮ ರಾಜ್ಯಗಳ ಹಲವು ಪ್ರಯೋಗಗಳಲ್ಲಿ ಒಣಹುಲ್ಲಿನ ದನಗಳಿಗೆ ವಾರದ ಪ್ರೋಟೀನನ್ನು ದಿನವೂ ಹಂಚುವ ಬದಲು ದಿನ ಬಿಟ್ಟು ದಿನ ಅಥವಾ ವಾರಕ್ಕೆರಡು ಸಲ ಕೊಟ್ಟರೂ ಮೈತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಿಂಡಿಯಿಲ್ಲದ ದಿನ ದೇಹ ತನ್ನ ಯೂರಿಯಾವನ್ನು ರೂಮೆನ್‌ಗೆ ಹಿಂತಿರುಗಿಸಿ ಕೆಲಸ ನಡೆಸುತ್ತದೆ. ಕಾಳಿಗೆ, ಯೂರಿಯಾಕ್ಕೆ ಈ ಸವಲತ್ತಿಲ್ಲ; ಎರಡು ದಿನದ್ದನ್ನು ಒಟ್ಟಿಗೆ ಕೊಟ್ಟರೆ ಒಂದರಲ್ಲಿ ಆಮ್ಲ ಏರುತ್ತದೆ, ಇನ್ನೊಂದರಲ್ಲಿ ಹಸು ಸಾಯಬಹುದು. ಹಾಲು ಕರೆಯುವ ಹಸುವಿಗೆ ದಿನವೂ ಕೊಡುವುದೇ ಸರಿ. ಬತ್ತಿದ ಹಸು, ಬೆಳೆಯುವ ಕಡಸು, ಬಿಡುವಿನಲ್ಲಿರುವ ಎತ್ತು, ಬರಗಾಲದ ಗೋಶಾಲೆಯ ದನಗಳಿಗೆ ದಿನ ಬಿಟ್ಟು ದಿನದ ಹಿಂಡಿ ಕೈಗೆಟುಕುವ ಮಾತು. ಮೇವು ಬ್ಯಾಂಕುಗಳಿಗೆ ಬರದಲ್ಲಿ ಲಾರಿಗಟ್ಟಲೆ ಭತ್ತದ ಹುಲ್ಲು ಬಂದು ಬೀಳುತ್ತದೆ, ಅದರ ಜೊತೆ ಹತ್ತಕ್ಕೊಂದು ಪಾಲು ಹಿಂಡಿ ಬಂದರೆ ಅದೇ ಹುಲ್ಲಿನಿಂದ ದನಕ್ಕೆ ಸಿಗುವುದು ಹೆಚ್ಚುತ್ತದೆ. ಟೆಂಡರುಗಳು ಮಾತ್ರ ಈಗಲೂ ಟನ್ನಿನ ಲೆಕ್ಕದಲ್ಲೇ ಹೊರಡುತ್ತವೆ. ಚೀಲದ ತಿಂಡಿ ಕೊಳ್ಳುವವರು ಗಮನಿಸಬೇಕಾದ್ದು ಇನ್ನೊಂದು. ಐಎಸ್ 2052 ಮಾನದಂಡ ಮೊದಲ ದರ್ಜೆಯ ಪಶು ಆಹಾರಕ್ಕೆ ಕನಿಷ್ಠ ಶೇ. 22, ಎರಡನೆಯದಕ್ಕೆ ಶೇ. 20 ಪ್ರೋಟೀನ್ ಕೇಳುತ್ತದೆ, ಚೀಟಿಯಲ್ಲಿ ಆ ಅಂಕಿ ಇರುತ್ತದೆ. ಆದರೆ ಪ್ರಯೋಗಾಲಯ ಅಳೆಯುವುದು ಸಾರಜನಕವನ್ನು. ಅದರಲ್ಲಿ ಎಷ್ಟು ಹಿಂಡಿಯಿಂದ ಬಂದದ್ದು, ಎಷ್ಟು ಯೂರಿಯಾದಿಂದ ಬಂದದ್ದು ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲ. ಪಿಷ್ಟ ಎಷ್ಟಿದೆ ಎಂಬುದಂತೂ ಚೀಟಿಯಲ್ಲಿ ಇರುವುದೇ ಇಲ್ಲ. ಹಸಿಮೇವು ಧಾರಾಳವಾಗಿರುವ ಕೊಟ್ಟಿಗೆಗೆ ಪಿಷ್ಟದ ಅಂಕಿ ಇಲ್ಲದಿದ್ದರೂ ನಡೆಯುತ್ತದೆ. ಮೆದೆಯ ಹುಲ್ಲನ್ನೇ ನಂಬಿದ ಕೊಟ್ಟಿಗೆಗೆ ಯಾವ ಚೀಲ ಹೊಂದುತ್ತದೆ ಎಂದು ಹೇಳಬಲ್ಲದ್ದು ಅದೇ ಅಂಕಿ.